ಗುಬ್ಬಿ ಸಿಹಿ ಎಂದ ರೊಟ್ಟಿ

ನಮ್ಮ ಬೀದಿಯವರೆಲ್ಲ ಅವಳನ್ನು ರೊಟ್ಟಿಯಕ್ಕ ಅನ್ನುತ್ತಿದ್ದರು. ನನಗೆ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ದಿನ ನನ್ನ ಕೈ ಹಿಡಿದು ಸೀದಾ ಒಲೆಯ ಮುಂದೆ ಕರೆದುಕೊಂಡು ಹೋದಳು. "ಈ ಅಚ್ಚನ್ನು ಮಾತ್ರ ನನ್ನ ಕೇಳದೆ ಮುಟ್ಟಬೇಡ ತಂಗಿ. ಮಿಕ್ಕ ಮನೆಯೆಲ್ಲ ನಿನ್ನದೇ" ಅಂದಳು. ಮಿಕ್ಕ ಮನೆ ಅಂದರೆ ಎರಡು ಕೋಣೆ, ಒಂದು ಹಿತ್ತಲು. ನನಗೆ ನಗು ಬಂತು. ಅವಳು ನಗಲಿಲ್ಲ.

ಅಚ್ಚು ಅಂದರೆ ಎರಡು ದಪ್ಪ ಕಬ್ಬಿಣದ ತಟ್ಟೆ. ಒಂದಕ್ಕೊಂದು ಕೀಲು ಹಾಕಿ ಮೊಳದುದ್ದದ ಎರಡು ಹಿಡಿ ಇಟ್ಟಿದ್ದರು. ಒಳಮೈಯಲ್ಲಿ ಶಿಲುಬೆ, ಒಂದು ಕುರಿಮರಿ ಕೆತ್ತಿದ್ದರು. ಚರ್ಚಿನ ಬಲಿಪೂಜೆಗೆ ಬೇಕಾದ ತೆಳ್ಳನೆಯ ರೊಟ್ಟಿ ಮಾಡುವುದು ಅದರಲ್ಲೇ. ಕಾದ ತಟ್ಟೆಗೆ ಜೇನುಮೇಣ ಸವರಿ, ನೀರು ನೀರಾದ ಹಿಟ್ಟು ಒಂದು ಸೌಟು ಹುಯ್ದು, ಗಟ್ಟಿಯಾಗಿ ಅದುಮಬೇಕು. ಸುಂಯ್ ಅಂತ ಆವಿ ಬರುತ್ತದೆ. ಶಬ್ದ ನಿಂತಾಗ ತೆಗೆಯಬೇಕು. ಒಂದು ಉಸಿರು ತಡವಾದರೆ ಕಂದು, ಒಂದು ಉಸಿರು ಬೇಗವಾದರೆ ಹಸಿ. ಆಮೇಲೆ ಹಾಳೆಗಳನ್ನು ಒದ್ದೆ ಬಟ್ಟೆಯ ಮಧ್ಯೆ ಇಟ್ಟು ಮೆತ್ತಗೆ ಮಾಡಿಕೊಂಡು, ಹರಿತವಾದ ಕೊಳವೆಯಿಂದ ಬಿಲ್ಲೆ ಬಿಲ್ಲೆಯಾಗಿ ಒತ್ತಿ ತೆಗೆಯಬೇಕು. ಭಾನುವಾರ ಫಾದರ್ ಅದರ ಮೇಲೆ ಪ್ರಾರ್ಥನೆ ಹೇಳಿದ ಮೇಲೆ ಅದು ರೊಟ್ಟಿಯಲ್ಲ, ಕ್ರಿಸ್ತನೇ ಅದರಲ್ಲಿ ಬಂದಿರುತ್ತಾನೆ ಅನ್ನುವುದು ನಮ್ಮ ವಿಶ್ವಾಸ. ಪರಮಪ್ರಸಾದ ಅಂತ ನಾಲಗೆಯ ಮೇಲೆ ಇಟ್ಟುಕೊಳ್ಳುವುದು ಅವನನ್ನೇ.

ಈ ಕೆಲಸವನ್ನು ಅವಳಿಗೆ ಕಲಿಸಿದ್ದು ಕಾನ್ವೆಂಟಿನ ಒಬ್ಬರು ಸಿಸ್ಟರ್ ಅಜ್ಜಿ. "ಗೋಧಿ, ನೀರು. ಉಪ್ಪಿಲ್ಲ, ಎಣ್ಣೆಯಿಲ್ಲ, ಮತ್ತೇನೂ ಇಲ್ಲ" ಅಂತ ಹೇಳಿಕೊಟ್ಟಿದ್ದರಂತೆ. ಯಾಕೆ ಅಂತ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಅಡಿಗೆ ಹೇಳಿಕೊಟ್ಟ ಹಾಗೆ ಕೇಳಿಸಿಕೊಂಡಳು. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ನಮ್ಮಿಬ್ಬರ ಗಂಡಂದಿರೂ ಎರಡು ವರ್ಷದ ಅಂತರದಲ್ಲಿ ಹೋದರು. ಅವಳ ಯಜಮಾನರು ಜ್ವರದಲ್ಲಿ, ನನ್ನವರು ಗಾರೆ ಕೆಲಸದ ಸಾರುವೆ ಮೇಲಿಂದ ಬಿದ್ದು. ಇಬ್ಬರು ವಿಧವೆಯರಿಗೂ ಸೇರಿ ಉಳಿದದ್ದು ಒಂದೇ ಮಗು, ಅವಳ ಮಗಳು. ಬಿಲ್ಲೆ ಕತ್ತರಿಸಿದ ಮೇಲೆ ಉಳಿಯುವ ಅಂಚುಗಳನ್ನು ಬುಟ್ಟಿಯ ಪಕ್ಕ ಕೂತು ಕುಟುಕುತ್ತಿತ್ತು ಅಂತ ನನ್ನ ಗಂಡನೇ ಗುಬ್ಬಿ ಅಂತ ಹೆಸರಿಟ್ಟದ್ದು. ಹತ್ತೊಂಬತ್ತು ವರ್ಷದವಳಾಗಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗಲು ಶುರುಮಾಡಿದ ಮೇಲೂ ಶುಕ್ರವಾರ ಸಂಜೆ ಬಂದವಳೇ ಬುಟ್ಟಿಗೆ ಕೈ ಹಾಕುತ್ತಿದ್ದಳು.

"ಚಿಕ್ಕಮ್ಮ, ನಿಮ್ಮಕ್ಕ ಇವತ್ತು ಒಂದು ಹಾಳೆ ಸುಟ್ಟಿದ್ದಾರೆ" ಅಂತ ರುಚಿಯಲ್ಲೇ ಕಂಡುಹಿಡಿಯುತ್ತಿದ್ದಳು.

"ಬಾಯಿ ನೋಡು ಇವಳದ್ದು! ಫಾದರ್‌ಗೇ ಗೊತ್ತಾಗಲ್ಲ, ಇವಳಿಗೆ ಗೊತ್ತಾಗತ್ತೆ" ಅಂತ ಅಕ್ಕ ಬೈಯುತ್ತಲೇ ಇನ್ನೊಂದು ಹಿಡಿ ಕೊಡುತ್ತಿದ್ದಳು.

ಆ ಹುಡುಗಿಗೆ ರಕ್ತ ಕೆಡುವ ಕಾಯಿಲೆ ಬಂತು. ಆಸ್ಪತ್ರೆಯವರು ಮೂರು ತಿಂಗಳು ಇಟ್ಟುಕೊಂಡು, ಮನೆಗೇ ಕರೆದುಕೊಂಡು ಹೋಗಿ ಅಂದರು. ಹಾಗೆ ಅಂದರೆ ಏನು ಅರ್ಥ ಅಂತ ನಮಗೆ ಗೊತ್ತಿತ್ತು. ಒಲೆಯ ಕೋಣೆಯ ಮೂಲೆಯಲ್ಲೇ ಹಾಸಿಗೆ ಹಾಕಿದೆವು. ಅದೇ ಹೊತ್ತಿಗೆ ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಮೋಟರು ಸುಟ್ಟುಹೋಯಿತು. ಇನ್ನೊಂದು ಗಿರಣಿ ಸೇತುವೆಯಾಚೆ, ಹೋಗಿಬರಲು ಅರ್ಧ ದಿನ. ಅಕ್ಕ ಮಗಳ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದೆ. "ಭಾನುವಾರ ನಾನು ಹೋಗಿ ಬೀಸಿಸಿಕೊಂಡು ಬರ್ತೀನಿ ಅಕ್ಕ" ಅಂದೆ. ಭಾನುವಾರ ಆ ಗಿರಣಿಗೆ ರಜೆ ಅಂತ ನನಗೆ ಗೊತ್ತಿತ್ತು. ದಣಿದಿದ್ದೆ, ಅಂದುಬಿಟ್ಟೆ.

ಡಬ್ಬಿಯಲ್ಲಿ ಗೋಧಿ ಹಿಟ್ಟು ತಳ ಕಂಡಿತ್ತು. ಮನೆಯಲ್ಲಿ ಇದ್ದದ್ದು ಗುಬ್ಬಿಯ ಗಂಜಿಗೆ ಅಂತ ಮೊದಲೇ ನುಣ್ಣಗೆ ಬೀಸಿಸಿಟ್ಟಿದ್ದ ಅಕ್ಕಿ ಹಿಟ್ಟು. ಅಕ್ಕ ಅರ್ಧ ಅದು, ಅರ್ಧ ಇದು ಹಾಕಿ ಕಲಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಅನ್ನಲಿಲ್ಲ. "ಬೆಳ್ಳಗೆ ಬರತ್ತೆ ನೋಡು" ಅಂದೆ. ನಿಜವಾಗಿ ಬೆಳ್ಳಗೆ ಬಂತು, ಹಾಲಿನ ಕೆನೆಯ ಹಾಗೆ. ಈ ಸಲದ ರೊಟ್ಟಿ ಬಹಳ ಚೆನ್ನಾಗಿದೆ ಅಂತ ನಮ್ಮ ಮುದಿ ಫಾದರ್ ಹೇಳಿಕಳಿಸಿದರು. ಹಾಗೆ ನಾಲ್ಕು ವಾರ, ಬೀದಿಯ ಗಿರಣಿ ಮತ್ತೆ ಶುರುವಾಗುವವರೆಗೆ.

ನಾಲ್ಕನೆಯ ಭಾನುವಾರ ಗುಬ್ಬಿಗೆ ಉಸಿರು ಮೇಲೆ ಮೇಲೆ ಬರತೊಡಗಿತು. ಫಾದರ್ ಬೆಳಗಿನ ಪೂಜೆ ಮುಗಿಸಿದವರು ಹಾಗೇ ಪರಮಪ್ರಸಾದ ಎತ್ತಿಕೊಂಡು ಬಂದರು. ಅವಳಿಗೆ ನುಂಗಲು ಆಗುತ್ತಿರಲಿಲ್ಲ. ಉಗುರಿನಷ್ಟು ಚೂರು ಮುರಿದು ನಾಲಗೆಯ ಮೇಲೆ ಇಟ್ಟು, ಚಮಚದಲ್ಲಿ ನೀರು ಬಿಟ್ಟರು. ಎರಡು ದಿನದಿಂದ ಮಾತಿಲ್ಲದವಳು ಕಣ್ಣು ಬಿಟ್ಟಳು. ಅಮ್ಮನನ್ನೇ ನೋಡಿ, ಸ್ಪಷ್ಟವಾಗಿ, "ಅಮ್ಮಾ, ಸಿಹಿ" ಅಂದಳು. ಆಮೇಲೆ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಹೋದಳು.

ಆ ಒಂದು ಮಾತಿನ ಮೇಲೆ ಅಕ್ಕ ಒಂದು ವರ್ಷ ಬದುಕಿದಳು. ಸಾಯುವವಳ ನಾಲಗೆಗೆ ಕರ್ತನು ತನ್ನನ್ನೇ ತೋರಿಸಿಕೊಟ್ಟ ಅಂತ ಮುದಿ ಫಾದರ್ ಮುಂದಿನ ಭಾನುವಾರ ಪ್ರಸಂಗದಲ್ಲೇ ಹೇಳಿದರು. ಗೊತ್ತಿಲ್ಲದವರೂ ಮನೆಗೆ ಬಂದು ಆ ಮೂಲೆಯಲ್ಲಿ ಮೊಣಕಾಲೂರಿ ಹೋದರು. ಆ ವಾರದ ಹಾಳೆಗಳ ಅಂಚುಗಳು ಬುಟ್ಟಿಯಲ್ಲಿ ಹಾಗೇ ಉಳಿದಿದ್ದವು. ತಿನ್ನುವವಳೇ ಇರಲಿಲ್ಲವಲ್ಲ. ಅಕ್ಕ ಅವನ್ನು ಒಂದು ತಗಡಿನ ಡಬ್ಬಿಗೆ ತುಂಬಿಟ್ಟಳು. ಕೇಳಿದವರಿಗೆ ಒಂದೊಂದು ಚೂರು ಕೊಟ್ಟಳು. ದರ್ಜಿಯ ಹೆಂಡತಿ ತನ್ನ ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟುಕೊಂಡಿದ್ದಳು. ಮಗಳನ್ನು ಕಳೆದುಕೊಂಡ ತಾಯಿ ಅಷ್ಟು ಸಮಾಧಾನವಾಗಿ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. "ಅವನ ಕೈಹಿಡಿದು ಹೋದಳು, ನನಗೆ ಅಷ್ಟು ಸಾಕು" ಅನ್ನುತ್ತಿದ್ದಳು.

ಮುದಿ ಫಾದರ್ ತೀರಿಕೊಂಡರು. ಅವರ ಜಾಗಕ್ಕೆ ದಪ್ಪ ಕನ್ನಡಕದ ಒಬ್ಬ ಎಳೇ ಫಾದರ್ ಬಂದರು. ಒಂದು ಶನಿವಾರ ಅಕ್ಕ ರೊಟ್ಟಿಯ ಪೆಟ್ಟಿಗೆ ಕೊಡಲು ಹೋದಾಗ ಅವರು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳಲಿದ್ದ ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. "ರೊಟ್ಟಿ ಗೋಧಿಯದೇ ಆಗಿರಬೇಕು. ಕರ್ತನು ಕೊನೆಯ ರಾತ್ರಿ ಕೈಗೆತ್ತಿಕೊಂಡದ್ದು ಅದನ್ನೇ. ಅಕ್ಕಿಯದೋ ಜೋಳದ್ದೋ ಆದರೆ ನಾನು ಎಷ್ಟು ಪ್ರಾರ್ಥನೆ ಹೇಳಿದರೂ ಅದು ಬರೀ ತಿಂಡಿ" ಅಂದರಂತೆ. ಮಕ್ಕಳೆಲ್ಲ ನಕ್ಕವಂತೆ.

ಅಕ್ಕ ಮನೆಗೆ ಬಂದವಳು ಚಪ್ಪಲಿ ಬಿಡಲಿಲ್ಲ. ಒಲೆಯ ಕೋಣೆಯ ನೆಲದ ಮೇಲೆ ಕೂತಳು. "ತಂಗಿ, ಆ ನಾಲ್ಕು ವಾರ" ಅಂದಳು. ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವಳು ಎದ್ದು ಹೋಗಿ ಅಕ್ಕಿ ಹಿಟ್ಟಿನ ಡಬ್ಬಿ ತೆಗೆದು, ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದಳು.

"ಹೇಗಿದೆ?"

"ಹಿಟ್ಟಿನ ಹಾಗಿದೆ ಅಕ್ಕ."

"ಸಿಹಿ ಇದೆಯಾ ಇಲ್ವಾ ಅಷ್ಟು ಹೇಳು."

ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಅಕ್ಕಿ ಸಿಹಿಯಾಗುತ್ತದೆ. ಇದು ಯಾರಿಗೆ ಗೊತ್ತಿಲ್ಲ. ನಾನು ತಲೆ ತಗ್ಗಿಸಿದೆ. ಅವಳಿಗೆ ಅಷ್ಟೇ ಬೇಕಾಗಿತ್ತು. ಒಂದು ಸುಟ್ಟ ಹಾಳೆಯನ್ನು ರುಚಿಯಲ್ಲಿ ಹಿಡಿಯುತ್ತಿದ್ದ ಹುಡುಗಿ. ಅವಳ ನಾಲಗೆ ಕೊನೆಯ ಗಳಿಗೆಯಲ್ಲಿ ಕಂಡದ್ದು ಕರ್ತನನ್ನೋ, ತನ್ನ ಗಂಜಿಯ ಅಕ್ಕಿಯನ್ನೋ?

ಮಾರನೆಯ ದಿನವೇ ಫಾದರ್ ಹತ್ತಿರ ಹೋದೆವು. ಅವರ ಕೋಣೆಯಲ್ಲಿ ಪುಸ್ತಕ ತೆಗೆದರೆ ಮಾತ್ರ ಕೂರಲು ಜಾಗ. ಅಕ್ಕ ಎಲ್ಲ ಹೇಳಿದಳು. ನಡುವೆ ಒಮ್ಮೆಯೂ ಅಳಲಿಲ್ಲ. ಫಾದರ್ ಎಳೇ ಮನುಷ್ಯ, ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಅರ್ಧಕ್ಕರ್ಧ ಅಂದರೆ ಕಷ್ಟ ಅಮ್ಮ. ಅದು ಪರಮಪ್ರಸಾದ ಆಗಿರಲಿಲ್ಲ ಅಂತಲೇ ಹೇಳಬೇಕಾಗತ್ತೆ" ಅಂದರು. "ಆದರೆ ನಿಮ್ಮ ಮಗಳ ಆಸೆ ನಿಜವಾಗಿತ್ತಲ್ಲ. ಕರ್ತನು ರೊಟ್ಟಿಗೆ ಕಟ್ಟುಬಿದ್ದವನಲ್ಲ. ರೊಟ್ಟಿ ಇಲ್ಲದೆಯೂ ಬರಬಲ್ಲ."

"ಹಾಗಾದರೆ ಇಷ್ಟು ವರ್ಷ ನಾನು ಕೈ ಸುಟ್ಟುಕೊಂಡದ್ದು ಯಾಕೆ ಫಾದರ್?" ಅಕ್ಕ ಎರಡೂ ಅಂಗೈ ಮೇಜಿನ ಮೇಲೆ ಇಟ್ಟಳು. ಅಚ್ಚಿನ ಹಿಡಿಯ ಕಲೆ ಎರಡರಲ್ಲೂ ಗೆರೆ ಎಳೆದ ಹಾಗೆ ಇತ್ತು. "ಇದರೊಳಗೇ ಬರ್ತಾನೆ ಅಂದವರೂ ನೀವೇ. ಇದಿಲ್ಲದೆಯೂ ಬರ್ತಾನೆ ಅನ್ನೋರೂ ನೀವೇ. ಯಾವುದನ್ನ ಹಿಡ್ಕೊಳ್ಳಲಿ ನಾನು?"

"ಅದು ರಹಸ್ಯ ಅಮ್ಮ."

"ರಹಸ್ಯ ಅಂದ್ರೆ ನಿಮಗೂ ಗೊತ್ತಿಲ್ಲ ಅಂತ ತಾನೆ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಹೌದು" ಅಂದರು.

ಆ ನಾಲ್ಕು ಭಾನುವಾರದ ಪೂಜೆಗಳನ್ನು ಅವರು ಮತ್ತೆ ಮಾಡಬೇಕಾಯಿತು. ಯಾಕೆ ಅಂತ ಅವರು ಯಾರಿಗೂ ಹೇಳಲಿಲ್ಲ. ಆದರೆ ಗಿರಣಿ ನಿಂತಿದ್ದ ವಾರಗಳೂ ನಾಲ್ಕೇ ಅಂತ ಬೀದಿಯ ಜನ ಲೆಕ್ಕ ಹಾಕಿದರು. ದರ್ಜಿಯ ಹೆಂಡತಿ ಬಾಗಿಲಿಗೇ ಬಂದು, ಪುಸ್ತಕದಲ್ಲಿ ಇಟ್ಟುಕೊಂಡಿದ್ದ ಚೂರನ್ನು ಹೊಸಿಲ ಮೇಲೆ ಇಟ್ಟಳು.

"ತಗೋ ರೊಟ್ಟಿಯಕ್ಕ, ನಿನ್ನ ತಿಂಡಿ. ಒಂದು ವರ್ಷ ಇದಕ್ಕೆ ಮುತ್ತಿಟ್ಟೆ ನಾನು."

ನಾನು ಜಗಳಕ್ಕೆ ಹೋದೆ. "ಬಾಯಿ ಮುಚ್ಚೇ, ನಿನ್ನ ಗಂಡ ಹೊಲಿದ ಅಂಗಿ ಎಷ್ಟು ಜನರ ಕಂಕುಳಲ್ಲಿ ಹರಿದಿಲ್ಲ!" ಅಂದೆ. ಅಕ್ಕ ನನ್ನ ಸೆರಗು ಹಿಡಿದು ಒಳಗೆಳೆದಳು. ಆ ಚೂರನ್ನು ಎತ್ತಿ ಡಬ್ಬಿಗೆ ಹಾಕಿದಳು. ಡಬ್ಬಿಯ ಬಾಯಿಗೆ ಸುತ್ತಲೂ ಜೇನುಮೇಣ ಮೆತ್ತಿ, ಮೇಲಿನ ಹಲಗೆಯಲ್ಲಿ ಇಟ್ಟುಬಿಟ್ಟಳು.

ಅದಾದ ಮುಂದಿನ ಭಾನುವಾರ ಮಧ್ಯಾಹ್ನ ಅಚ್ಚು ಕಾಯಿಸಿದಳು. ಎರಡು ಬಟ್ಟಲಲ್ಲಿ ಎರಡು ಹಿಟ್ಟು. ಒಂದು ಬರೀ ಗೋಧಿ, ಒಂದು ಅರ್ಧಕ್ಕರ್ಧ. ಎರಡರಿಂದಲೂ ಒಂದೊಂದು ಬಿಲ್ಲೆ ತೆಗೆದು, ನನ್ನ ಕಣ್ಣಿಗೆ ಟವಲು ಕಟ್ಟಿದಳು.

"ನೀನೇ ತಿಂದು ನೋಡಕ್ಕ, ನನ್ನ ಯಾಕೆ ಹಿಂಸೆ ಮಾಡ್ತೀಯ?"

"ನಾನು ತಿಂದರೆ ನನಗೆ ಬೇಕಾದ ರುಚಿಯೇ ಬರತ್ತೆ. ನನ್ನ ನಾಲಗೆಯನ್ನ ನಾನು ನಂಬಲ್ಲ. ಬಾಯಿ ತೆಗಿ."

ಮೊದಲನೆಯದನ್ನು ಇಟ್ಟಳು. ಆಮೇಲೆ ಎರಡನೆಯದು. "ಎರಡೂ ಒಂದೇ ಅಕ್ಕ" ಅಂದೆ.

"ಇನ್ನೂ ನುಂಗಿಯೇ ಇಲ್ಲ, ಆಗಲೇ ತೀರ್ಪು" ಅಂದಳು. ಟವಲು ಬಿಚ್ಚಿದಳು. ಅವಳ ಮುಖ ನೋಡಲು ಆಗಲಿಲ್ಲ. ನಿಜ ಹೇಳಬೇಕೆಂದರೆ ಎರಡನೆಯದು ಒಂದು ಎಳೆ ಸಿಹಿ ಅನ್ನಿಸಿತ್ತು. ಆದರೆ ಮೊದಲನೆಯದನ್ನೂ ಅಷ್ಟೇ ಹೊತ್ತು ಇಟ್ಟುಕೊಂಡಿದ್ದರೆ ಹೇಗಿರುತ್ತಿತ್ತೋ. ನನಗೆ ಇವತ್ತಿಗೂ ಖಂಡಿತವಾಗಿ ಗೊತ್ತಿಲ್ಲ.

ಅವತ್ತಿನಿಂದ ಅವಳು ಪರಮಪ್ರಸಾದ ತೆಗೆದುಕೊಳ್ಳುವುದನ್ನು ಬಿಟ್ಟಳು. ಚರ್ಚಿಗೆ ಹೋಗುತ್ತಿದ್ದಳು, ಮೊಣಕಾಲೂರುತ್ತಿದ್ದಳು, ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ಬೆಂಚಿನ ತುದಿ ಹಿಡಿದು ಕೂತುಬಿಡುತ್ತಿದ್ದಳು. ಎಷ್ಟೋ ಸಲ ಬೇಡಿಕೊಂಡೆ. ಒಂದು ದಿನ ಬಟ್ಟೆ ಹಿಂಡುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ನನ್ನ ಮಗಳು ಖಾಲಿ ಬಾಯಲ್ಲಿ ಹೋಗಿದ್ದರೆ ನಾನೂ ಖಾಲಿ ಬಾಯಲ್ಲೇ ಹೋಗ್ತೀನಿ. ಅವಳು ಎಲ್ಲಿ ನಿಂತಿದ್ದಾಳೋ ನಾನೂ ಅಲ್ಲೇ ಹೋಗಿ ನಿಲ್ಲಬೇಕು. ಹೊಟ್ಟೆ ತುಂಬಿಸಿಕೊಂಡು ನಾನು ಒಳಗೆ ಹೋಗಿ, ಮಗು ಬಾಗಿಲ ಹೊರಗಿದ್ದರೆ?"

ಅವಳು ಹಿಂಡಿದ ಬಟ್ಟೆಯನ್ನು ನಾನು ಹಗ್ಗಕ್ಕೆ ಹಾಕಿದೆ.

ಅಚ್ಚನ್ನು ಮತ್ತೆ ಅವಳು ಹಿಡಿಯಲಿಲ್ಲ. "ನೀನು ಮಾಡು, ನಾನು ನೋಡ್ತೀನಿ" ಅಂದಳು. ಕೇಳದೆ ಮುಟ್ಟಬೇಡ ಅಂದಿದ್ದವಳು ತಾನೇ ಅದರ ಹಿಡಿಗಳನ್ನು ನನ್ನ ಕೈಗೆ ಕೊಟ್ಟಳು. ಏಳು ವರ್ಷ ನಾನು ಮಾಡಿದೆ, ಅವಳು ಕಾವಲು ಕೂತಳು. ಗೋಧಿಯನ್ನು ಮೊರದಲ್ಲಿ ಹಾಕಿಕೊಂಡು ಒಂದೊಂದೇ ಕಾಳು ಆರಿಸುತ್ತಿದ್ದಳು. ಗಿರಣಿಯಲ್ಲಿ ಹಿಂದಿನವರ ಅಕ್ಕಿ ಹಿಟ್ಟು ಕಲ್ಲಿನಲ್ಲಿ ಉಳಿದಿರುತ್ತದೆ ಅಂತ, ಎರಡು ಸೇರು ಗೋಧಿಯನ್ನು ಸುಮ್ಮನೆ ಬೀಸಿಸಿ ಚೆಲ್ಲಿದ ಮೇಲೇ ನಮ್ಮದನ್ನು ಹಾಕಿಸುತ್ತಿದ್ದಳು.

"ಅಮ್ಮಾ, ನಿಮ್ಮ ದೇವರು ಇಷ್ಟು ಮಡಿಯವನಾ?" ಅಂತ ಗಿರಣಿಯವನು ನಗುತ್ತಿದ್ದ.

"ಮಡಿ ಅವನದ್ದಲ್ಲಪ್ಪ, ಭಯ ನನ್ನದು" ಅನ್ನುತ್ತಿದ್ದಳು.

ಊರಿಗೆಲ್ಲ ಕಲಬೆರಕೆಯಿಲ್ಲದ ರೊಟ್ಟಿ ಹೋಯಿತು ಆ ಏಳು ವರ್ಷ. ಅವಳ ಬಾಯಿಗೆ ಒಂದು ಚೂರೂ ಹೋಗಲಿಲ್ಲ. ಹಗಲು ಹೊತ್ತು ಖಾಲಿ ಚರ್ಚಿನಲ್ಲಿ ಪೀಠದ ದೀಪದ ಮುಂದೆ ಕೂತಿರುತ್ತಿದ್ದಳು. ಒಂದು ಸಲ ಕರೆಯಲು ಹೋದಾಗ ಕೇಳಿಸಿಕೊಂಡೆ. ಜಗಳವಾಡುವವಳ ಹಾಗೆ ಹೇಳುತ್ತಿದ್ದಳು, "ಹೌದು ಅನ್ನು, ಇಲ್ಲ ಅನ್ನು. ಒಂದು ಹೇಳು. ನಿನಗೆ ಬಾಯಿಲ್ಲವಾ? ಅಷ್ಟು ಜನರ ಹತ್ತಿರ ಮಾತಾಡಿದೆಯಂತೆ. ನನ್ನ ಹತ್ತಿರ ಒಂದು ಮಾತು." ಅವಳ ಮಾತು ನಿಂತಾಗ ಚರ್ಚಿನೊಳಗೆ ಏನೂ ಕೇಳಿಸಲಿಲ್ಲ, ಹೊರಗಿನ ಬಸ್ಸಿನ ಶಬ್ದ ಬಿಟ್ಟರೆ. ಅವಳ ಕಣ್ಣು ಒಣಗಿತ್ತು. ನನ್ನನ್ನು ನೋಡಿ, "ಅಡಿಗೆ ಆಯ್ತಾ?" ಅಂದಳು.

ಏಳನೆಯ ವರ್ಷ ಹೊಟ್ಟೆಯಲ್ಲಿ ಗಡ್ಡೆ ಅಂದರು. ಮೂಲೆಯಲ್ಲೇ ಹಾಸು ಅಂದಳು, ಗುಬ್ಬಿ ಮಲಗಿದ್ದಲ್ಲೇ. ಕನ್ನಡಕದ ಫಾದರ್‌ಗೆ ಆಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ವಾರಕ್ಕೊಮ್ಮೆ ಪರಮಪ್ರಸಾದದ ಚಿಕ್ಕ ಕರಡಿಗೆ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಅವಳು ಬೇಡ ಅನ್ನುತ್ತಿದ್ದಳು. ವಾಪಸು ಹೋಗುತ್ತಿದ್ದರು.

"ಪಾಪ, ನಿಮ್ಮ ದೇವರಿಗೆ ನಡೆದೂ ನಡೆದೂ ಕಾಲು ನೋವು ಬಂದಿರತ್ತೆ ಫಾದರ್."

"ಅವನಿಗೆ ನಡೆದು ಅಭ್ಯಾಸ ಅಮ್ಮ" ಅನ್ನುತ್ತಿದ್ದರು ಅವರು.

ನನಗೆ ನಗು ಬರುತ್ತಿರಲಿಲ್ಲ. ದಿನ ಕಡಿಮೆಯಾಗುತ್ತಿತ್ತು. ಅವಳು ಹಟ ಬಿಡದೆ ಹೋಗಿಬಿಟ್ಟರೆ? ಅಕ್ಕಿ ಹಿಟ್ಟು ಹಾಕುವಾಗ ಪಕ್ಕದಲ್ಲಿ ನಿಂತು ಬೆಳ್ಳಗೆ ಬರುತ್ತದೆ ಅಂದವಳು ನಾನು. ಗಿರಣಿಗೆ ಹೋಗದೆ ಉಳಿದವಳೂ ನಾನೇ. ತಾಯಿ ಮಗಳು ಇಬ್ಬರೂ ಹಸಿದು ಹೋದರು ಅಂತ ನಾನು ಒಬ್ಬಳೇ ಈ ಒಲೆಯ ಮುಂದೆ ಹೇಗೆ ಕೂರಲಿ? ಒಂದು ದಿನ ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಇದನ್ನೆಲ್ಲ ಹೇಳಿದೆ. "ನನಗೆ ಗೊತ್ತಿತ್ತು ಕಣೇ, ಆ ಗಿರಣಿಗೆ ಭಾನುವಾರ ರಜೆ" ಅಂದಳು. ಅಷ್ಟೇ. ನನ್ನ ತಲೆ ಮುಟ್ಟಿದಳು.

ಕೊನೆಯ ಶುಕ್ರವಾರ ಫಾದರ್ ಬಂದಾಗ ಅವಳಿಗೆ ಕೂರಲು ಆಗುತ್ತಿರಲಿಲ್ಲ. ದಿಂಬು ಒರಗಿಸಿ ಎತ್ತಿ ಹಿಡಿದುಕೊಂಡೆ.

"ತಂಗಿ, ಮೇಲಿನ ಡಬ್ಬಿ ತೆಗಿ."

ಯಾವ ಡಬ್ಬಿ ಅಂತ ಕೇಳಬೇಕಾಗಿರಲಿಲ್ಲ. ಚಾಕುವಿನಿಂದ ಮೇಣ ಕೆರೆದು ಬಿಚ್ಚಿದೆ. ಅಂಚುಗಳು ಹಳದಿಯಾಗಿದ್ದವು, ಆದರೆ ಹುಳ ಬಿದ್ದಿರಲಿಲ್ಲ.

"ಫಾದರ್, ನನ್ನ ಮಗಳಿಗೆ ಕೊಟ್ಟದ್ದನ್ನೇ ನನಗೂ ಕೊಡಿ. ಇದನ್ನ. ನಿಮ್ಮ ಕೈಯಲ್ಲೇ. ಅವಳು ತಿಂದದ್ದು ಏನು ಅಂತ ನಾನು ತಿಳ್ಕೊಂಡು ಹೋಗಬೇಕು."

ಬೈಯುತ್ತಾರೆ ಅಂದುಕೊಂಡೆ. ಅವರು ಡಬ್ಬಿಯನ್ನು ನೋಡಿದರು, ಅವಳನ್ನು ನೋಡಿದರು. "ಇದು ಬರೀ ತಿಂಡಿ ಅಮ್ಮ. ಹಸಿದವರಿಗೆ ತಿಂಡಿ ಕೊಡೋದಕ್ಕೆ ಯಾರ ಅಪ್ಪಣೆ ಬೇಕು" ಅಂದರು. ಯಾವ ಪ್ರಾರ್ಥನೆಯನ್ನೂ ಹೇಳದೆ, ಉಗುರಿನಷ್ಟು ಚೂರು ಮುರಿದು ಅವಳ ನಾಲಗೆಯ ಮೇಲೆ ಇಟ್ಟರು. ನಾನು ಚಮಚದಲ್ಲಿ ನೀರು ಬಿಟ್ಟೆ.

ಅವಳು ಕಣ್ಣು ಮುಚ್ಚಿದಳು. ನನ್ನ ತೋಳಿನ ಮೇಲೆ ಅವಳ ಬೆನ್ನು ಎಷ್ಟು ಹಗುರ ಅಂದರೆ, ಉಸಿರು ಹಿಡಿದಿದ್ದಾಳೆ ಅನ್ನುವುದು ನನ್ನ ಕೈಗೇ ಗೊತ್ತಾಗುತ್ತಿತ್ತು.

"ಸಪ್ಪೆ" ಅಂದಳು. ಕಣ್ಣು ಬಿಟ್ಟಳು. "ತಂಗಿ, ಸಪ್ಪೆ ಕಣೇ. ಏನೂ ಸಿಹಿ ಇಲ್ಲ." ಅವಳ ಗಂಟಲಿಂದ ಒಂದು ಶಬ್ದ ಬಂತು, ನಗುವೋ ಅಳುವೋ. "ಹಾಗಾದರೆ ಅವಳಿಗೆ ಸಿಹಿ ಆಗಿದ್ದು ಅಕ್ಕಿ ಅಲ್ಲ. ಅಲ್ವಾ ಫಾದರ್? ಅಕ್ಕಿ ಅಲ್ಲ."

ಎಂಟು ವರ್ಷದ ಹಳೇ ಚೂರು. ಅದರಲ್ಲಿ ಯಾವ ರುಚಿ ತಾನೇ ಉಳಿದಿರುತ್ತದೆ. ಹಿಂದಿನ ದಿನವಷ್ಟೇ ಗಂಜಿಗೆ ಉಪ್ಪು ಹಾಕಿದ್ದರೂ, "ಉಪ್ಪು ಮರೆತೆಯಾ?" ಅಂತ ಕೇಳಿದ್ದಳು. ಕಾಯಿಲೆ ನಾಲಗೆಯನ್ನು ಯಾವಾಗಲೋ ತಿಂದುಹಾಕಿತ್ತು. ಅದು ನನಗೂ ಗೊತ್ತಿತ್ತು, ಫಾದರ್‌ಗೂ ಗೊತ್ತಿತ್ತು. ನಾನು ಅವರನ್ನು ನೋಡಿದೆ. ಸುಳ್ಳು ಹೇಳಲು ಬಾರದ ಮನುಷ್ಯ. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಅವಳಿಗೆ ಸಿಹಿಯಾಗಿದ್ದು ಏನು ಅಂತ ನನಗೆ ಗೊತ್ತಿಲ್ಲ ಅಮ್ಮ" ಅಂದರು. "ಅವಳು ನಕ್ಕಳು ಅಂತ ಮಾತ್ರ ಗೊತ್ತು."

"ನಕ್ಕಳು" ಅಂದಳು ಅಕ್ಕ. "ಹೌದು. ನಕ್ಕಳು."

ಆಮೇಲೆ ಅವರ ಜೇಬಿನ ಕಡೆ ನೋಡಿದಳು. "ಅದು ಯಾರು ಮಾಡಿದ್ದು, ನೀನಾ?"

"ನಾನೇ ಅಕ್ಕ. ನೀನೇ ಆರಿಸಿದ ಗೋಧಿ, ಮಲಗೋ ಮುಂಚೆ ಆರಿಸಿಟ್ಟಿದ್ದೆಯಲ್ಲ, ಅದರ ಕೊನೆಯ ಹಿಟ್ಟು."

ಅವಳು ಬಾಯಿ ತೆರೆದಳು. ಏಳು ವರ್ಷದ ಮೇಲೆ. ಫಾದರ್ ಕರಡಿಗೆ ತೆರೆದು ಅವಳ ನಾಲಗೆಯ ಮೇಲೆ ಇಟ್ಟರು. ಅವಳು ತುಟಿ ಮುಚ್ಚಿಕೊಂಡು, ಒಲೆಯ ಪಕ್ಕ, ಮೊದಲು ಅಂಚುಗಳ ಬುಟ್ಟಿ ಇಡುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು.

ಹೇಗಿತ್ತು ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹೋದಳು.